ಇಪ್ಪತ್ತನೇ ನಂಬರಿನ ಉತ್ತರ

ಫೆಬ್ರವರಿ 6, ಗುರುವಾರ

ಹಲೋ. ಹಲೋ ಅಂತ ಯಾಕಂದೆ, ಆ ಕಡೆ ಯಾರೂ ಇಲ್ಲ. ಹಾಸ್ಟೆಲ್ ರೂಮಲ್ಲಿ ನನ್ನ ಜೊತೆ ಇರೋ ನರ್ಸು ಇವತ್ತು ಕೈ ಮುಗಿದುಬಿಟ್ಲು. "ನಿನ್ನ ಮೆಷಿನ್ ಪುರಾಣ, ನಿಮ್ಮಪ್ಪನ ಪುರಾಣ, ನಿಮ್ಮಕ್ಕನ ಪುರಾಣ, ಎಲ್ಲಾನೂ ಆ ಫೋನಿಗೆ ಹೇಳಿ ಇಟ್ಕೋ ತಾಯಿ. ನಿನಗೆ ನಿದ್ದೆ ಬರಲ್ಲ ಅಂತ ನನ್ನ ನಿದ್ದೆ ಯಾಕೆ ಕೆಡಿಸ್ತೀಯಾ" ಅಂದ್ಲು. ಸರಿ ಅಂತ ಹೊರಗೆ ಬಂದು ಮೆಟ್ಟಿಲ ಮೇಲೆ ಕೂತಿದ್ದೀನಿ.

ಎಲ್ಲಿಂದ ಶುರು ಮಾಡ್ಲಿ. ಸೋಪ್ ಫ್ಯಾಕ್ಟರಿ. ಎರಡು ಮೆಷಿನ್. ಒಂದು ಸೋಪನ್ನ ಬಾಕ್ಸಿಗೆ ತುಂಬುತ್ತೆ, ಅದು ತುಂಬೋ ಮೆಷಿನ್. ಇನ್ನೊಂದು ಆ ಬಾಕ್ಸ್‌ಗಳನ್ನ ಒಂದರ ಮೇಲೊಂದು ಪೇರಿಸುತ್ತೆ, ಅದು ಪೇರಿಸೋ ಮೆಷಿನ್. ಎರಡಕ್ಕೂ ಒಂದೊಂದು ತಲೆ ಇದೆ, ಪಿಎಲ್‌ಸಿ ಅಂತ, ಬೂದು ಬಣ್ಣದ ಡಬ್ಬಿ. ಈ ಎರಡು ತಲೆಗಳ ಮಧ್ಯೆ ಕೇಬಲ್ ಎಳೆದು ಮಾತಾಡಿಸೋದು ನನ್ನ ಕೆಲಸ. ತುಂಬೋದು ಘಳಿಗೆಗೊಂದ್ಸಲ "ಇದ್ದೀಯಾ" ಅಂತ ಕೇಳ್ಬೇಕು. ಪೇರಿಸೋದು "ಇದ್ದೀನಿ, ಜಾಗ ಇದೆ, ಕಳಿಸು" ಅನ್ಬೇಕು, ಇಲ್ಲಾ "ತಡಿ, ಕಳಿಸಬೇಡ" ಅನ್ಬೇಕು. ಉತ್ತರಾನೇ ಬರ್ಲಿಲ್ವಾ, ತುಂಬೋ ಮೆಷಿನ್ ನಿಂತುಬಿಡಬೇಕು. ಇಷ್ಟೇ. ಹೇಳೋಕೆ ಇಷ್ಟೇ.

ಪೇರಿಸೋ ಮೆಷಿನ್ ಇನ್ನೂ ಬಂದೇ ಇಲ್ಲ, ಎಲ್ಲೋ ದಾರೀಲಿದೆ. ಅಲ್ಲಿವರೆಗೂ ಕೈಕಟ್ಟಿ ಕೂರೋ ಜಾತಿ ಅಲ್ಲ ನಾನು. ಲ್ಯಾಪ್‌ಟಾಪ್‌ನಲ್ಲಿ ಒಂದು ಸಣ್ಣ ಪ್ರೋಗ್ರಾಂ ಬರೆದೆ. ಅದು ಪೇರಿಸೋ ಮೆಷಿನ್ ವೇಷ ಹಾಕುತ್ತೆ. ಲ್ಯಾಪ್‌ಟಾಪ್ ಆನ್ ಮಾಡಿದ್ರೆ ತಾನೇ ಎದ್ದು ಹಿಂದೆ ಕೂತಿರುತ್ತೆ. ನೆಟ್‌ವರ್ಕಲ್ಲಿ ಅದಕ್ಕೆ ಇಪ್ಪತ್ತನೇ ನಂಬರ್ ಕೊಟ್ಟಿದ್ದೀನಿ. ಏನು ಕೇಳಿದ್ರೂ ಒಂದೇ ಉತ್ತರ, "ಇದ್ದೀನಿ, ಜಾಗ ಇದೆ, ಕಳಿಸು." ತುಂಬೋ ಮೆಷಿನ್ ಪಾಪ ನಂಬ್ಕೊಂಡು ಮಧ್ಯಾಹ್ನ ಪೂರ್ತಿ ಓಡ್ತು.

ಇಪ್ಪತ್ತಾರನೇ ತಾರೀಕು ಕಂಪನಿಯ ದೊಡ್ಡವರು ನೋಡೋಕೆ ಬರ್ತಾರಂತೆ. ಎರಡೂ ಮೆಷಿನ್ ಸೇರಿ ಲೈನ್ ಓಡಿದ್ರೆ ನನ್ನ ಕೆಲಸ ಖಾಯಂ. ಓಡದಿದ್ರೆ ಗಂಟುಮೂಟೆ ಕಟ್ಟು, ಮನೆಗೆ ನಡಿ. ಮನೆಗೆ ಅಂದ್ರೆ ಯಾವ ಮನೆಗೆ ಅನ್ನೋದೇ ಕಷ್ಟ. ಅಪ್ಪಂದು ಮೋಟರ್ ರೀವೈಂಡಿಂಗ್ ಅಂಗಡಿ. ಸುಟ್ಟುಹೋದ ಮೋಟರ್ ಬಿಚ್ಚಿ ತಾಮ್ರದ ವೈರ್ ಹೊಸದಾಗಿ ಸುತ್ತಿ ಕೊಡೋದು. ಅಕ್ಕ ಅಲ್ಲೇ ಕಲಿತ್ಲು, ಅಪ್ಪನ್ನೇ ಮೀರಿಸಿದ್ಲು, ಒಂದು ದಿನ ರಸ್ತೆಯ ಆ ಕಡೆ ತನ್ನದೇ ಒಂದು ಅಂಗಡಿ ತೆಗೆದ್ಲು. ಅವತ್ತಿಂದ ಇಬ್ಬರಿಗೂ ಮಾತಿಲ್ಲ. ನಾನು ವಾಪಸ್ ಹೋದ್ರೆ ಯಾರ ಅಂಗಡೀಲಿ ಕೂರೋದು. ಈ ಕಡೆ ಕೂತ್ರೆ ಆ ಕಡೆಯವರಿಗೆ ನಾನು ಸತ್ತ ಹಾಗೆ.

ಅದಕ್ಕೇ ಮಲಗೋ ಮುಂಚೆ ಬೇರೆ ಊರಿನ ಕೆಲಸಗಳನ್ನೂ ನೋಡ್ತಾ ಇರ್ತೀನಿ. ಇವತ್ತೂ ಎರಡು ಕಡೆ ಅರ್ಜಿ ಹಾಕ್ದೆ. ಬ್ಯಾಗ್ ಇನ್ನೂ ಪೂರ್ತಿ ಬಿಚ್ಚಿಲ್ಲ. ಬಿಚ್ಚೋದು ಯಾಕೆ, ಮತ್ತೆ ತುಂಬೋದು ಯಾಕೆ.

ಫೆಬ್ರವರಿ 11, ಮಂಗಳವಾರ

ಬಂತು ಮಹಾರಾಯ ಪೇರಿಸೋ ಮೆಷಿನ್. ಆನೆ ಗಾತ್ರ. ಅದನ್ನ ನಡೆಸೋಕೆ ಉದ್ದಣ್ಣ ಅಂತ ಒಬ್ಬರಿದ್ದಾರೆ, ಬಾಗಿಲಲ್ಲಿ ತಲೆ ಬಗ್ಗಿಸಿ ಬರೋ ಅಷ್ಟು ಉದ್ದ. ಅಪ್ಪನ ವಯಸ್ಸು ಇರಬಹುದು. ನನ್ನನ್ನ ನೋಡಿದ ತಕ್ಷಣ, "ಇಷ್ಟು ದೊಡ್ಡ ಮೆಷಿನ್‌ಗೆ ಇಷ್ಟೇ ಇಷ್ಟು ಇಂಜಿನಿಯರಾ. ಇನ್ನೊಂದು ಪೀಸ್ ಹಿಂದೆ ಬರ್ತಿದೆಯಾ?" ಅಂದ್ರು.

"ನಿಮ್ಮ ಉದ್ದದಲ್ಲಿ ಸ್ವಲ್ಪ ಕತ್ತರಿಸಿ ಕೊಡಿ ಅಣ್ಣ, ಇಬ್ಬರೂ ಸರಿಹೋಗ್ತೀವಿ" ಅಂದೆ. ಅಲ್ಲಿಗೆ ಸ್ನೇಹ ಆಯ್ತು.

ಕೇಬಲ್ ಎಳೆದು, ಮೆಷಿನ್‌ಗೆ ಇಪ್ಪತ್ತನೇ ನಂಬರ್ ಕೊಡೋಕೆ ಹೋದ್ರೆ, ಆ ನಂಬರಲ್ಲಿ ಆಗ್ಲೇ ಯಾರೋ ಇದ್ದಾರೆ ಅಂತು. ಆಫೀಸಿನ ಯಾವ್ದೋ ಪ್ರಿಂಟರ್ ಇರ್ಬೇಕು. ತಲೆ ಕೆಡಿಸ್ಕೊಳ್ಳದೆ ಇಪ್ಪತ್ತೊಂದು ಕೊಟ್ಟೆ. ತುಂಬೋ ಮೆಷಿನ್‌ನಲ್ಲೂ ಬದಲಾಯಿಸ್ಬೇಕಲ್ಲ, ಇನ್ಮೇಲೆ ಇಪ್ಪತ್ತನ್ನಲ್ಲ, ಇಪ್ಪತ್ತೊಂದನ್ನ ಕೇಳು ಅಂತ. ಅದನ್ನೂ ಮಾಡ್ತಿದ್ದೆ, ಅಷ್ಟರಲ್ಲಿ ಅಪ್ಪನ ಫೋನು.

"ಊಟ ಆಯ್ತಾ. ಹೂಂ. ಆ ಕಡೆ ಅಂಗಡಿ ಹೆಂಗಿದೆಯಂತೆ?"

ಅಕ್ಕನ ಹೆಸರು ಹೇಳಲ್ಲ ಅವರು. ಆ ಕಡೆ ಅಂಗಡಿ. ನಾನು ಎಂದಿನ ಹಾಗೆ, "ಚೆನ್ನಾಗಿದೆಯಂತೆ ಅಪ್ಪ. ಅಕ್ಕ ನಿಮ್ಮನ್ನ ಕೇಳಿದ್ಲು, ಹೊತ್ತು ಹೊತ್ತಿಗೆ ಊಟ ಮಾಡ್ತಾರಾ ಅಂತ" ಅಂದೆ. ಅಕ್ಕ ಏನೂ ಕೇಳಿಲ್ಲ. ಆದ್ರೆ ಹಾಗಂದ್ರೆ ಅಪ್ಪನ ದನಿ ಒಂಚೂರು ಇಳಿಯುತ್ತೆ. ಅಷ್ಟು ಸಾಕು.

ಫೋನ್ ಇಟ್ಟು ಬಂದು ಬಟನ್ ಒತ್ತಿದೆ. ಮೊದಲನೇ ಸಲಕ್ಕೇ ಓಡ್ತು. ಬಾಕ್ಸ್ ತುಂಬ್ತು, ಬಂತು, ಪೇರಿಸ್ತು. ಉದ್ದಣ್ಣ ಚಪ್ಪಾಳೆ ತಟ್ಟಿದ್ರು. ಸೂಪರ್‌ವೈಸರ್ ಓಡಿ ಬಂದು "ಆಯ್ತಾ?" ಅಂದ್ರು. ಅವರಿಗೆ ಬೇರೆ ಮಾತೇ ಬರಲ್ಲ, ಎಲ್ಲರೂ ಬೆನ್ನ ಹಿಂದೆ ಆಯ್ತಾ ಸಾರ್ ಅಂತಾನೇ ಕರೆಯೋದು.

ಆಯ್ತು ಸಾರ್.

ಫೆಬ್ರವರಿ 12, ಬುಧವಾರ

ಆಗಿಲ್ಲ. ನಿನ್ನೆ ನಾನು ಲ್ಯಾಪ್‌ಟಾಪ್ ಮುಚ್ಚಿ ಗೇಟ್ ದಾಟ್ತಿದ್ದ ಹಾಗೇ ನಿಂತೋಯ್ತಂತೆ. ಬೆಳಿಗ್ಗೆ ಹೋಗಿ ಲ್ಯಾಪ್‌ಟಾಪ್ ಹಾಕಿ ನೋಡಿದ್ರೆ ಮೆಷಿನ್ ಚಿನ್ನದಂಥ ಮಗು. ಸಂಜೆ ಹೊರಟೆ, ಮತ್ತೆ ನಿಂತ್ಕೊಂಡ್ತು.

"ಅದಕ್ಕೆ ನಿನ್ನ ಕಂಡ್ರೆ ಇಷ್ಟ" ಅಂದ್ರು ಉದ್ದಣ್ಣ. ನಗು ಬರ್ಲಿಲ್ಲ.

ಫೆಬ್ರವರಿ 15, ಶನಿವಾರ

ಕೇಬಲ್ ಬದಲಾಯಿಸ್ದೆ. ಕೇಬಲ್‌ಗಳೆಲ್ಲ ಸೇರೋ ಸ್ವಿಚ್ ಬದಲಾಯಿಸ್ದೆ. ಅರ್ಥಿಂಗ್ ನೋಡ್ದೆ. ಪ್ಯಾನೆಲ್ ಒಳಗೆ ತಲೆ ಹಾಕಿ ಹಾಕಿ ಕತ್ತು ಹಿಡ್ಕೊಂಡಿದೆ. ಲೂಸ್ ಕನೆಕ್ಷನ್ ಅಂದ್ಕೊಂಡು ಒಂದೊಂದು ಸ್ಕ್ರೂನೂ ಬಿಗಿ ಮಾಡ್ದೆ. ನಾನಿದ್ರೆ ಓಡುತ್ತೆ, ಹೋದ್ರೆ ನಿಲ್ಲುತ್ತೆ. ಕ್ಯಾಂಟೀನ್‌ನಲ್ಲಿ ಟೀ ಕುಡಿಯೋಕೆ ಹೋದ್ರೂ ಲ್ಯಾಪ್‌ಟಾಪ್ ಬ್ಯಾಗ್ ಹೆಗಲಿಗೆ ಹಾಕ್ಕೊಂಡು ಹೋದ್ರೆ ಮುಗೀತು. ಈಗ ನಾನು ಎದ್ದು ನಿಂತ್ರೆ ಸಾಕು, ಪ್ಯಾಕಿಂಗ್ ಹೆಂಗಸರು "ಅಯ್ಯೋ ಕೂತ್ಕೊಳಮ್ಮಾ, ನಮ್ಮ ಲೈನ್ ನಿಲ್ಲಿಸ್ಬೇಡ" ಅಂತಾರೆ. ಲ್ಯಾಪ್‌ಟಾಪಮ್ಮ ಅಂತ ಹೆಸರು ಬೇರೆ ಇಟ್ಟಿದ್ದಾರೆ.

ನಿಜ ಹೇಳ್ಬೇಕು ಅಂದ್ರೆ ಒಂಥರಾ ಖುಷಿನೂ ಆಗುತ್ತೆ. ಯಾವ ಊರಲ್ಲೂ ನಾನು ಹೋದೆ ಅಂತ ಯಾವುದೂ ನಿಂತಿರ್ಲಿಲ್ಲ.

ಅಕ್ಕ ಫೋನ್ ಮಾಡಿದ್ಲು. "ಏನಂತೆ ಮುದುಕಂದು?"

"ಏನಿಲ್ಲ. ನಿನ್ನ ಕೇಳ್ತಿದ್ರು. ತುಂಬಾ ಹೊತ್ತು ನಿಂತು ಕೆಲಸ ಮಾಡ್ಬೇಡ ಅನ್ನು, ಅಂದ್ರು."

"ಹೌದಾ?" ಅಂದ್ಲು. ಆಮೇಲೆ, "ಲೇ, ದೊಡ್ಡ ಮೋಟರ್ ಯಾವ್ದಾದ್ರೂ ಬಂದ್ರೆ ನಾನು ವಾಪಸ್ ಕಳಿಸ್ತಿದ್ದೀನಿ ಕಣೇ. ಅದರ ಲೆಕ್ಕ ಆಯಪ್ಪನಿಗೇ ಗೊತ್ತು. ನೀನು ಹೇಳೋಕೆ ಹೋಗ್ಬೇಡ ಮತ್ತೆ" ಅಂದ್ಲು.

ಹೇಳಲ್ಲ ಅಂದೆ. ಅಪ್ಪನೂ ಮೊನ್ನೆ ಹಾಗೇ, ಸಣ್ಣ ವೈರ್ ಕಣ್ಣಿಗೇ ಕಾಣ್ತಿಲ್ಲ, ಯಾರದೋ ಮಿಕ್ಸಿ ಮೋಟರ್ ಎರಡು ಸಲ ವಾಪಸ್ ಬಂತು, ಆ ಕಡೆಗೆ ಹೇಳ್ಬೇಡ ಅಂದಿದ್ರು. ಅದನ್ನೂ ಹೇಳಲ್ಲ. ನನ್ನ ಹೊಟ್ಟೇಲಿ ಎಷ್ಟು ಹಿಡಿಸುತ್ತೋ.

ಫೆಬ್ರವರಿ 16, ಭಾನುವಾರ

ರಜೆ ದಿನಾನೂ ಕರೆಸಿದ್ರು. ಆಯ್ತಾ ಸಾರ್ ಸೀದಾ ಹೇಳಿದ್ರು, "ನೋಡಮ್ಮ, ನೀನು ಮನೆಗೆ ಹೋಗು, ಲ್ಯಾಪ್‌ಟಾಪ್ ಇಲ್ಲೇ ಇರ್ಲಿ. ಅದು ಇದ್ರೆ ಓಡುತ್ತಲ್ಲ? ಮತ್ತೇನು. ಆಯ್ತಾ?"

ಪ್ಯಾನೆಲ್ ಪಕ್ಕ ಸ್ಟೂಲ್ ಮೇಲೆ ಇಟ್ಟು, ಯಾರೂ ಮುಟ್ಟಬೇಡಿ ಅಂತ ಚೀಟಿ ಅಂಟಿಸಿ ಬಂದೆ. ಓಡ್ತಿದೆಯಂತೆ.

ಹಾಗಾದ್ರೆ ಅವರಿಗೆ ಬೇಕಾಗಿದ್ದು ನಾನಲ್ಲ, ಅದು. ಒಳ್ಳೇದೇ ಆಯ್ತು. ಆರಾಮಾಗಿ ನಿದ್ದೆ ಮಾಡಬಹುದು. ಮಾಡ್ತಿಲ್ಲ, ಅದು ಬೇರೆ ಮಾತು. ಇಡೀ ಸಂಜೆ ಬಸ್ ಸ್ಟ್ಯಾಂಡ್‌ವರೆಗೂ ನಡೆದು, ಯಾವ್ಯಾವ ಊರಿಗೆ ಬಸ್ ಇದೆ ಅಂತ ಬೋರ್ಡ್ ಓದಿ ವಾಪಸ್ ಬಂದೆ.

ಫೆಬ್ರವರಿ 20, ಗುರುವಾರ

ಲೈನ್ ಓಡ್ತಿದೆ. ವಾರದಿಂದ ಸ್ಪೀಡ್ ಕಮ್ಮಿ ಇಟ್ಟಿದ್ದೀವಿ. ಬಾಕ್ಸ್ ಸಿಕ್ಕಿಹಾಕಿಕೊಳ್ಳೋ ಮುಂಚೇನೇ ಉದ್ದಣ್ಣ ಕೆಂಪು ಬಟನ್ ಒತ್ತಿ ಇಡೀ ಲೈನ್ ನಿಲ್ಲಿಸಿಬಿಡ್ತಾರೆ. ಅವರ ಕಣ್ಣು ಹದ್ದಿನ ಕಣ್ಣು. ಸೋಮವಾರದಿಂದ ಪೂರ್ತಿ ಸ್ಪೀಡು.

ಇವತ್ತು ಇಬ್ಬರ ಫೋನೂ ಒಂದರ ಹಿಂದೆ ಒಂದು. ಅಪ್ಪ, "ಅವಳು ಅಷ್ಟೊಂದು ಕೇಳ್ತಾಳಲ್ಲ ನನ್ನ, ಬಂದು ಮಾತಾಡಿಸೋಕೆ ಏನಂತೆ? ಬರ್ಲಿ. ನಾನೇನು ಬಾಗಿಲು ಹಾಕ್ಕೊಂಡು ಕೂತಿದ್ದೀನಾ" ಅಂದ್ರು. ಆಮೇಲೆ ಅಕ್ಕ, "ಅಷ್ಟು ಕಾಳಜಿ ಇರೋರು ಒಂದು ರಸ್ತೆ ದಾಟಕ್ಕಾಗಲ್ವಾ? ಬರ್ಲಿ, ನಾನೇನು ಬೇಡ ಅಂದ್ನಾ?"

ಇಬ್ಬರೂ ಕಾಯ್ತಿದ್ದಾರೆ. ಒಳ್ಳೇದೇ ಅಲ್ವಾ? ಮೊದಲಿನಷ್ಟು ಕೋಪ ಇಲ್ಲ. ಆದ್ರೆ ಇಬ್ಬರೂ ಕುರ್ಚಿ ಬಿಟ್ಟು ಏಳ್ತಾ ಇಲ್ಲ. ಇನ್ನೇನು ಹೇಳಿದ್ರೆ ಏಳ್ತಾರೋ ಯೋಚನೆ ಮಾಡ್ಬೇಕು.

ಫೆಬ್ರವರಿ 24, ಸೋಮವಾರ

ಉದ್ದಣ್ಣನ ಕೈಗೆ ಪೆಟ್ಟಾಯ್ತು.

ನಿಧಾನಕ್ಕೆ ಹೇಳ್ತೀನಿ. ಪೂರ್ತಿ ಸ್ಪೀಡಲ್ಲಿ ಓಡ್ತಿತ್ತು. ಒಂದು ಬಾಕ್ಸ್ ಮಡಚ್ಕೊಂಡು ಪೇರಿಸೋ ಮೆಷಿನ್ ಬಾಯಲ್ಲಿ ಸಿಕ್ಕಿಹಾಕಿಕೊಂಡ್ತು. ಮೆಷಿನ್ ನಿಂತ್ಕೊಂಡ್ತು, ಸರಿಯಾಗೇ ನಿಂತ್ಕೊಂಡ್ತು. ಉದ್ದಣ್ಣ ಜಾಲರಿ ಬಾಗಿಲು ತೆಗೆದು ಕೈ ಹಾಕಿದ್ರು. ಪೇರಿಸೋದು ನಿಂತ್ರೆ ಹಿಂದಿನಿಂದ ಬಾಕ್ಸ್ ಬರಬಾರದು, ಅದೇ ಅಲ್ವಾ ನಾನು ಮಾಡಿರೋ ಕೆಲಸ. ಬಂತು. ಒಂದರ ಹಿಂದೆ ಒಂದು ಬಂದು ನೂಕಿದ್ವು. ಬೆರಳು ಬಾಕ್ಸ್‌ಗೂ ತಗಡಿಗೂ ಮಧ್ಯೆ. ಅವರು ಕಿರುಚಲಿಲ್ಲ. "ಏ, ಏ, ನಿಲ್ಸಿ" ಅಂದ್ರು ಅಷ್ಟೇ, ಯಾರನ್ನೋ ಬಸ್ ನಿಲ್ಲಿಸಿ ಅನ್ನೋ ಹಾಗೆ. ನಾನು ಹಾರಿಹೋಗಿ ಕೆಂಪು ಬಟನ್ ಒತ್ತಿದೆ.

ಮೂಳೆ ಮುರಿದಿಲ್ಲ. ಎರಡು ಬೆರಳು ಬದನೆಕಾಯಿ ಥರ ಊದ್ಕೊಂಡಿದೆ. ಆಯ್ತಾ ಸಾರ್ ಎಲ್ಲರ ಎದುರಿಗೇ, "ನಿಂತಿದೆಯಾ ಇಲ್ವಾ ನೋಡದೇ ಕೈ ಹಾಕ್ತೀಯಲ್ಲಯ್ಯಾ, ಇಷ್ಟು ವರ್ಷ ಏನು ಕಲಿತೆ?" ಅಂದ್ರು. ಉದ್ದಣ್ಣ ತಲೆ ತಗ್ಗಿಸಿ ಹೌದು ಸಾರ್ ಅಂದ್ರು. ಹೌದು ಅಂದುಬಿಟ್ರು.

ಅವರು ನೋಡೇ ಹಾಕಿದ್ದು. ನಾನು ಕಂಡಿದ್ದೀನಿ. ಮೆಷಿನ್ ನಿಂತಿತ್ತು.

ಫೆಬ್ರವರಿ 25, ಮಂಗಳವಾರ

ಬೆಳಿಗ್ಗೆ ಎಲ್ಲರಿಗಿಂತ ಮುಂಚೆ ಹೋದೆ. ಬಾಕ್ಸ್ ಇಲ್ಲದೆ ಖಾಲಿ ಓಡಿಸ್ದೆ. ಓಡ್ತಿರೋವಾಗ ಪೇರಿಸೋ ಮೆಷಿನ್‌ನ ನೆಟ್‌ವರ್ಕ್ ಕೇಬಲ್ ಕಿತ್ತು ಕೈಯಲ್ಲಿ ಹಿಡ್ಕೊಂಡೆ. ಈಗ ತುಂಬೋ ಮೆಷಿನ್ ನಿಲ್ಲಬೇಕು. ನಿಲ್ಲಲಿಲ್ಲ. ಸ್ಕ್ರೀನ್ ನೋಡಿದ್ರೆ ಉತ್ತರ ಬರ್ತಾನೇ ಇದೆ. ಇದ್ದೀನಿ, ಜಾಗ ಇದೆ, ಕಳಿಸು. ಇದ್ದೀನಿ, ಜಾಗ ಇದೆ, ಕಳಿಸು. ಕೇಬಲ್ ನನ್ನ ಕೈಯಲ್ಲಿದೆ.

ಆಮೇಲೆ ಸ್ಟೂಲ್ ಮೇಲಿದ್ದ ನನ್ನ ಲ್ಯಾಪ್‌ಟಾಪ್ ಕೇಬಲ್ ಕಿತ್ತೆ. ತಕ್ಷಣ ನಿಂತೋಯ್ತು.

ಪ್ರಿಂಟರೂ ಇಲ್ಲ, ಗಿಂಟರೂ ಇಲ್ಲ. ಇಪ್ಪತ್ತನೇ ನಂಬರಲ್ಲಿ ಕೂತಿದ್ದು ನಾನು ಬರೆದ ವೇಷದ ಮೆಷಿನ್ನೇ. ತುಂಬೋ ಮೆಷಿನ್‌ಗೆ ಇಪ್ಪತ್ತೊಂದನ್ನ ಕೇಳು ಅಂತ ಲ್ಯಾಪ್‌ಟಾಪ್‌ನಲ್ಲಿ ತಿದ್ದಿದ್ದೆ. ಅದನ್ನ ಮೆಷಿನ್‌ಗೆ ಕಳಿಸೋ ಬಟನ್ ಒತ್ತಿರ್ಲಿಲ್ಲ. ಅವತ್ತು ಫೋನ್ ಬಂತಲ್ಲ. ಅಂದ್ರೆ ಈ ಎರಡು ಮೆಷಿನ್ ಇವತ್ತಿನವರೆಗೂ ಒಂದು ಮಾತೂ ಆಡಿಲ್ಲ. ಒಂದು ಕೇಳ್ತಿತ್ತು, ನಾನು ಮಧ್ಯದಲ್ಲಿ ಕೂತು ಎಲ್ಲಾ ಸರಿ ಇದೆ ಅಂತಿದ್ದೆ. ಇನ್ನೊಂದು ತಡಿ ತಡಿ ಅಂತಿತ್ತು, ಅದನ್ನ ಯಾರೂ ಕೇಳ್ತಾನೇ ಇರ್ಲಿಲ್ಲ.

ಸೀದಾ ಆಫೀಸಿಗೆ ಹೋದೆ.

ಆಯ್ತಾ ಸಾರ್‌ಗೆ ಹೇಳ್ದೆ. ತಪ್ಪು ನಂದು, ಉದ್ದಣ್ಣಂದಲ್ಲ ಅಂದೆ. ಅವರು ಬಾಗಿಲು ಹಾಕಿ, ದನಿ ತಗ್ಗಿಸಿ, "ನಾಳೆ ಒಂದು ದಿನ ಆ ಲ್ಯಾಪ್‌ಟಾಪ್ ಅಲ್ಲೇ ಇರ್ಲಿ. ಅವರು ಬರ್ತಾರೆ, ನೋಡ್ತಾರೆ, ಹೋಗ್ತಾರೆ. ನೀನು ಖಾಯಂ ಆಗ್ತೀಯಾ. ನಾಡಿದ್ದು ಸರಿ ಮಾಡು. ಯಾರಿಗೆ ನಷ್ಟ? ಆಯ್ತಾ?" ಅಂದ್ರು.

ಹೊರಗೆ ಬಂದೆ. ಉದ್ದಣ್ಣ ಬ್ಯಾಂಡೇಜ್ ಕೈಯಲ್ಲೇ ಟೀ ಲೋಟ ಹಿಡಿಯೋಕೆ ಪರದಾಡ್ತಿದ್ರು. ನಾಳೆ ಮೆಷಿನ್ ಮುಂದೆ ನಿಲ್ಲೋದೂ ಅವರೇ. ಹೇಳಿಬಿಟ್ಟೆ, ಎಲ್ಲಾ.

ಅವರು ಕೇಳಿಸ್ಕೊಂಡು, "ಅಂದ್ರೆ ನಾನು ನೋಡೇ ಕೈ ಹಾಕಿದ್ದು?" ಅಂದ್ರು.

"ಹೌದಣ್ಣ."

"ನಿನ್ನೆ ಮನೇಲಿ ಹೆಂಡತಿ ಎದುರು, ವಯಸ್ಸಾಯ್ತು ಕಣೇ, ಇನ್ನು ಕೆಲಸ ಬಿಡ್ತೀನಿ ಅಂದುಬಿಟ್ಟೆ." ಟೀ ಕುಡಿದ್ರು. ನನ್ನ ಕಡೆ ನೋಡ್ಲಿಲ್ಲ. ಬೈದಿದ್ರೆ ಚೆನ್ನಾಗಿತ್ತು.

ಫೆಬ್ರವರಿ 26, ಬುಧವಾರ

ಲ್ಯಾಪ್‌ಟಾಪ್‌ನಲ್ಲಿದ್ದ ವೇಷದ ಪ್ರೋಗ್ರಾಂ ಅಳಿಸಿಹಾಕ್ದೆ. ಬೆಳಿಗ್ಗೆ, ಅವರು ಬರೋ ಮುಂಚೆ. ತುಂಬೋ ಮೆಷಿನ್‌ಗೆ ಇಪ್ಪತ್ತೊಂದು ಅಂತ ಕಳಿಸ್ದೆ, ಈ ಸಲ ಬಟನ್ ಒತ್ತಿ. ಎರಡೂ ಮೊದಲನೇ ಸಲ ನಿಜವಾಗ್ಲೂ ಮಾತಾಡಿದ್ವು. ಮಾತಾಡಿದ್ದೇ ತಡ, ಅಲಾರಂ. ಒಂದರ ಮಾತು ಇನ್ನೊಂದಕ್ಕೆ ಅರ್ಥಾನೇ ಆಗ್ತಿಲ್ಲ. ನಾನು ಬರೆದಿದ್ದು ನನಗೆ ಬೇಕಾದ ಹಾಗೆ ಉತ್ತರ ಕೊಡ್ತಿತ್ತು. ನಿಜವಾದ ಮೆಷಿನ್ ಅದರದ್ದೇ ರೀತೀಲಿ ಮಾತಾಡುತ್ತೆ. ಅಂಕಿಗಳನ್ನ ಹಿಂದು ಮುಂದು ಮಾಡಿ ಕಳಿಸುತ್ತೆ, ಒಂದು ಅಂತ ಕಳಿಸಿದ್ರೆ ಈ ಕಡೆ ಇನ್ನೂರ ಐವತ್ತಾರು ಅಂತ ಬರುತ್ತೆ.

ದೊಡ್ಡವರು ಬಂದ್ರು. ಲೈನ್ ನಿಂತಿತ್ತು. ಒಬ್ಬರು ನನ್ನನ್ನೇ ಕೇಳಿದ್ರು, "ಯಾಕಮ್ಮ ಓಡ್ತಿಲ್ಲ?"

"ನಿನ್ನೆವರೆಗೂ ಓಡಿದ್ದು ಸುಳ್ಳು ಸಾರ್. ಇವತ್ತು ನಿಂತಿರೋದು ನಿಜ" ಅಂದೆ. ಹೀಗೆ ಹೇಳ್ಬೇಕು ಅಂತ ಇರ್ಲಿಲ್ಲ, ಬಾಯಿಂದ ಬಂದುಬಿಡ್ತು. ಆಮೇಲೆ ಬಿಡಿಸಿ ಹೇಳ್ದೆ. ಅವರು ಉದ್ದಣ್ಣನ ಕೈ ನೋಡಿದ್ರು, ಟೀ ಕುಡಿದ್ರು, ಹೋದ್ರು. ಆಯ್ತಾ ಸಾರ್ ನನ್ನ ಹತ್ರ ಏನೂ ಕೇಳ್ಲಿಲ್ಲ. ಆಯ್ತಾ ಅಂತಾನೂ ಅನ್ಲಿಲ್ಲ.

ಖಾಯಂ ಆಸೆ ಬಿಟ್ಟಾಯ್ತು. ಬಿಡು.

ಫೆಬ್ರವರಿ 28, ಶುಕ್ರವಾರ

ಓಡ್ತು. ಹಿಂದು ಮುಂದಾಗಿದ್ದನ್ನ ತಿರುಗಿಸಿ ಓದೋ ಹಾಗೆ ಮಾಡ್ದೆ. ಆಮೇಲೆ ಉದ್ದಣ್ಣ, ಅವರೇ, ಬೇಕು ಅಂತ ಒಂದು ಬಾಕ್ಸ್ ಮಡಚಿ ಬೆಲ್ಟ್ ಮೇಲೆ ಇಟ್ರು. ಸಿಕ್ಕಿಹಾಕಿಕೊಂಡ್ತು, ಪೇರಿಸೋದು ನಿಂತ್ಕೊಂಡ್ತು. ತುಂಬೋದೂ ನಿಂತ್ಕೊಂಡ್ತು. ಮತ್ತೊಂದು ಮಡಚಿ ಇಟ್ರು. ಮತ್ತೆ ನಿಂತೋಯ್ತು. ಇಡೀ ಮಧ್ಯಾಹ್ನ ಬಾಕ್ಸ್ ಹಾಳು ಮಾಡಿದ್ವಿ. ಕೊನೆಗೆ ಜಾಲರಿ ತೆಗೆದು ಒಳ್ಳೇ ಕೈ ಒಳಗೆ ಹಾಕಿ, ನನ್ನ ಮುಖ ನೋಡ್ತಾ, ಸುಮ್ಮನೆ ಇಟ್ಕೊಂಡ್ರು. ಏನೂ ಬರ್ಲಿಲ್ಲ.

"ಇನ್ನು ಹೋಗು ನೀನು, ಲ್ಯಾಪ್‌ಟಾಪಮ್ಮ. ತಗೊಂಡು ಹೋಗು ಅದನ್ನ" ಅಂದ್ರು. ಗೇಟ್ ದಾಟಿದ ಮೇಲೂ ಲೈನ್ ಸದ್ದು ಕೇಳ್ತಿತ್ತು. ಬಸ್ ಬರೋವರೆಗೂ ನಿಂತು ಕೇಳ್ದೆ.

ಬಂದು ಕೂತಿದ್ದೆ, ಅಕ್ಕ ಫೋನ್ ಮಾಡಿದ್ಲು. "ಏನೇ ಕೋತಿ, ಮುದುಕ ಇವತ್ತಾದ್ರೂ ಬರ್ತೀನಿ ಅಂದ್ರಾ?"

"ಅಪ್ಪ ನಿನ್ನ ಬಗ್ಗೆ ಏನೂ ಅಂದಿಲ್ಲ ಅಕ್ಕ. ಆ ಕಡೆ ಅಂಗಡಿ ಹೆಂಗಿದೆ ಅಂತ ಕೇಳ್ತಾರೆ, ಅಷ್ಟೇ. ನಿಂತು ಕೆಲಸ ಮಾಡ್ಬೇಡ ಅಂದ್ರು ಅಂದಿದ್ದು, ಎಲ್ಲಾ ನಾನೇ ಕಟ್ಟಿ ಹೇಳಿದ್ದು."

"ಎಷ್ಟು ದಿನದಿಂದ?"

"ಮೊದಲಿಂದ. ಅಪ್ಪನಿಗೂ ಹಾಗೇ ಹೇಳ್ತಿದ್ದೆ, ನೀನು ಕೇಳಿದೆ ಅಂತ. ಇನ್ನೊಂದು, ಅವರಿಗೆ ಸಣ್ಣ ವೈರ್ ಕಣ್ಣಿಗೆ ಕಾಣ್ತಿಲ್ಲ. ಕೆಲಸ ವಾಪಸ್ ಬರ್ತಿದೆ. ಇದು ಮಾತ್ರ ನಿಜ."

"ನಿನಗೆ ನಾಚಿಕೆ ಆಗಲ್ವೇನೇ" ಅಂದು ಇಟ್ಟುಬಿಟ್ಲು.

ಅದೇ ಬಿಸೀಲಿ ಅಪ್ಪನಿಗೂ ಮಾಡಿ ಹೇಳ್ದೆ, ಅಕ್ಕ ದೊಡ್ಡ ಮೋಟರ್ ವಾಪಸ್ ಕಳಿಸ್ತಿರೋದನ್ನೂ ಸೇರಿಸಿ. "ಈ ಕೆಲಸ ನಿನಗೆ ಯಾರು ಹೇಳಿದ್ರು?" ಅಂದ್ರು. ಇಟ್ರು.

ಯಾಕೆ ಹೇಳಿದ್ನೋ ಗೊತ್ತಿಲ್ಲ. ಸುಸ್ತಾಗಿತ್ತು, ಅದಕ್ಕೇ ಇರ್ಬೇಕು. ಇದ್ದ ಎರಡು ಮನೇನೂ ಹೋಯ್ತು.

ಮಾರ್ಚ್ 3, ಸೋಮವಾರ

ಯಾರೂ ಫೋನ್ ಮಾಡ್ತಿಲ್ಲ. ಫ್ಯಾಕ್ಟರಿಯಿಂದಲೂ ಇಲ್ಲ. ಲೈನ್ ತನ್ನ ಪಾಡಿಗೆ ಓಡ್ತಿದೆ.

ಆಯ್ತಾ ಸಾರ್ ಕರೆದು, ಖಾಯಂ ಇಲ್ಲ, ಆರು ತಿಂಗಳು ಗುತ್ತಿಗೆ ಮುಂದುವರಿಸ್ತೀವಿ, ಇನ್ನೊಂದು ಲೈನ್ ಇದೆ, ಅದನ್ನೂ ಜೋಡಿಸು ಅಂದ್ರು. "ಬಂದಿದ್ದವರಲ್ಲಿ ಒಬ್ಬರು ನಿನ್ನನ್ನೇ ಇಡಿ ಅಂದ್ರಂತೆ. ನನ್ನನ್ನ ಕೇಳಿದ್ರೆ ನಾನು ಬೇಡ ಅಂತಿದ್ದೆ" ಅಂತಾನೂ ಸೇರಿಸಿದ್ರು. ಸರಿ ಸಾರ್ ಅಂದೆ.

ನರ್ಸು ಬೀರುವಿನಲ್ಲಿ ಒಂದು ಖಾನೆ ಖಾಲಿ ಮಾಡಿಕೊಟ್ಟಿದ್ದಾಳೆ. ಬ್ಯಾಗ್ ಕಾಲಿಗೆ ತಗಲುತ್ತಂತೆ ಅವಳಿಗೆ. ಬಟ್ಟೆ ಎತ್ತಿಟ್ಟೆ.

ಮಾರ್ಚ್ 6, ಗುರುವಾರ

ತಡೆಯೋಕಾಗ್ಲಿಲ್ಲ. ಊಟ ಮಾಡಿ ಅಪ್ಪನಿಗೆ ಫೋನ್ ಮಾಡ್ದೆ. ಏನು ಹೇಳೋದು ಅಂತ ಗೊತ್ತಿರ್ಲಿಲ್ಲ, ಬೈಲಿ ಅಂತಾನೇ ಮಾಡಿದ್ದು. ರಿಂಗ್ ಆಯ್ತು, ಎತ್ತಿದ್ರು.

"ಏನು?"

ಅಕ್ಕನ ದನಿ.

ನಾನು ನಂಬರ್ ನೋಡ್ದೆ. ಅಪ್ಪಂದೇ. ಹಿಂದೆ ಅಪ್ಪ ಕೂಗ್ತಿದ್ರು, "ಆ ಗೇಜ್ ವೈರ್ ಅಲ್ಲ ಅಂತ ಹೇಳಿದ್ದೀನಿ, ದೊಡ್ಡ ಮೋಟರ್‌ಗೆ ಅದು ಯಾವ ಮೂಲೆಗೆ ಸಾಕು, ನಿನ್ನ ಅಂಗಡೀಲಿ ಹಾಗೆ ಸುತ್ತು ಹೋಗು." ಅಕ್ಕ ಫೋನ್ ಬಾಯಿಂದ ದೂರ ಮಾಡದೇ ವಾಪಸ್ ಕೂಗಿದ್ಲು, "ನೀವು ಸುತ್ತಿರೋದು ನೋಡಿದ್ದೀನಿ ಸುಮ್ಮನಿರಿ, ಈ ಕಣ್ಣಲ್ಲಿ ಇಷ್ಟು ದಿನ ಅದ್ಯಾವ ಧೈರ್ಯದಲ್ಲಿ ಸುತ್ತಿದ್ರೋ." ಅಪ್ಪ ಇನ್ನೂ ಏನೋ ಅಂದ್ರು. ಏನೋ ಕಬ್ಬಿಣ ಬಿದ್ದ ಸದ್ದು.

"ಅಕ್ಕ" ಅಂದೆ.

"ಆಮೇಲೆ ಮಾಡು. ಇಲ್ಲಿ ಜಗಳ ಆಡ್ತಿದ್ದೀವಿ, ನೀನು ಮಧ್ಯೆ ಬರಬೇಡ" ಅಂದು ಇಟ್ಟುಬಿಟ್ಲು.

ಮೆಟ್ಟಿಲ ಮೇಲೆ ಗಾಳಿ ಜಾಸ್ತಿ ಆಗಿದೆ ಇವತ್ತು. ನಿದ್ದೆ ಬರ್ತಿದೆ. ಒಳಗೆ ಹೋಗ್ತೀನಿ.